ಕಡಾಯಿ ಇಳಿಯುವ ತನಕ

ಮಲ್ಲಮ್ಮ ತೀರಿಕೊಂಡ ಸುದ್ದಿ ಮಿಶ್ರಿಕೋಟಿಯ ತವರುಮನೆಗೆ ಮುಟ್ಟಿದಾಗ ಚಕ್ಕಲಿ, ಕೋಡಬಳೆ, ಉಂಡಿ ಡಬ್ಬಿಗಳ ಮುಚ್ಚಳ ಇನ್ನೂ ಹಾಕಿರಲಿಲ್ಲ. ಬಿಸಿ ಚಕ್ಕಲಿಯನ್ನು ಮುಚ್ಚಿದರೆ ಅದು ಒಳಗೇ ಬೆವರಿ ಮೆತ್ತಗಾಗುತ್ತದೆ. ಅದಕ್ಕೆಂದೇ ತಾಯಿ ಅನ್ನವ್ವ ಮೂರೂ ಡಬ್ಬಿಗಳನ್ನು ಪಡಸಾಲೆಯಲ್ಲಿ ಸಾಲಾಗಿ ತೆರೆದಿಟ್ಟು, ಮೇಲೆ ತೆಳ್ಳನೆಯ ಬಿಳಿ ಅರಿವೆ ಹೊದಿಸಿ, ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದಳು. ದೇವರ ಮುಂದೆ ದೀಪ ಹಚ್ಚುವ ಹೊತ್ತು. ಗೋಡೆಯ ಗೂಡಿನಲ್ಲಿದ್ದ ಸೊಸೆ ರೋಹಿಣಿಯ ಫೋನು ಹೊಡೆದುಕೊಂಡಿತು. ರೋಹಿಣಿ ಓಡಿ ಬಂದು ಎತ್ತಿದಳು. ಆ ಕಡೆಯಿಂದ ಮಾತಾಡಿದವಳು ದೇವಿಕೊಪ್ಪದ ಜಮೀಲಾಬಿ, ಮಲ್ಲಮ್ಮನ ಗಂಡನ ಮನೆಗೆ ಗೋಡೆಗೆ ಗೋಡೆ ಹೊಂದಿದ ಮನೆಯವಳು. ರೋಹಿಣಿ ಫೋನನ್ನು ಕಿವಿಯಿಂದ ಇಳಿಸಿ ಅತ್ತೆಯ ಎದುರು ನೆಲದ ಮೇಲೆ ಕೂತಳು.

“ಅತ್ತಿ, ಮಲ್ಲವ್ವ ನಮ್ಮನ್ನ ಬಿಟ್ಟು ಹೋದ್ಲಂತ್ರಿ,” ಎಂದಳು.

ಅನ್ನವ್ವ ಕೂಡಲೇ ಅಳಲಿಲ್ಲ. ಅವಳ ಕೈ ತನ್ನಷ್ಟಕ್ಕೆ ತಾನೇ ಒಂದು ಮುಚ್ಚಳ ಎತ್ತಿ ಡಬ್ಬಿಗೆ ಹಾಕಿತು, ಎರಡನೆಯದಕ್ಕೂ ಹಾಕಿತು. ಮೂರನೆಯದರ ಮುಚ್ಚಳ ಎಷ್ಟು ಒತ್ತಿದರೂ ಕೂಡಲಿಲ್ಲ. ಆಗ ಬಾಯಿ ಬಿಟ್ಟು ಅತ್ತಳು.

ಮಲ್ಲಮ್ಮನಿಗೆ ಮೂವತ್ತನಾಲ್ಕು ವರ್ಷ. ಊಟವಾದ ಮೇಲೆ ಎದೆ ಹಿಡಿದುಕೊಂಡಿತ್ತು. ಗಂಡ ಸಿದ್ಧಲಿಂಗ ಟ್ರ್ಯಾಕ್ಟರಿನ ಸಾಮಾನು ತರಲು ಹುಬ್ಬಳ್ಳಿಗೆ ಹೋಗಿದ್ದ. ಅವನ ಫೋನು ಹತ್ತಲಿಲ್ಲ. ಐದು ಗಂಟೆಗೆ ಜಮೀಲಾಬಿ ಊರೆಲ್ಲ ತಿರುಗಿ ಒಂದು ಆಟೋ ತಂದು ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಹೊರಡಿಸಿದಳು. ಕಲಘಟಗಿ ದಾಟಿ ಒಂದಿಷ್ಟು ದೂರ ಬರುವುದರೊಳಗೆ ಜೀವ ಹೋಯಿತು.

ಆ ಚಕ್ಕಲಿಯ ಸಂಗತಿ ಹೇಳಬೇಕು. ಅನ್ನವ್ವನ ಗಂಡ ಈರಬಸಪ್ಪನ ಅಣ್ಣತಮ್ಮಂದಿರ ನಾಲ್ಕು ಮನೆಗಳೂ ದೀಪಾವಳಿಗೆ ಕುಂದಗೋಳದಲ್ಲಿ, ಹಿರಿಯ ಅಣ್ಣ ಹೊಳಬಸಪ್ಪನ ಮನೆಯಲ್ಲಿ ಕೂಡುವುದು ಹಿಂದಿನಿಂದ ಬಂದ ರೂಢಿ. ಕೊಟ್ಟ ಹೆಣ್ಣುಮಕ್ಕಳೂ ಅಲ್ಲಿಗೇ ಬರುತ್ತಾರೆ. ಹಬ್ಬದ ಅಡಿಗೆ ಅಲ್ಲಿ ಆಗುತ್ತದೆ; ಬಂದವರು ಬಂದ ಹಾಗೆ ಬಾಯಾಡಿಸಲು ಬೇಕಾದದ್ದು ಮಾತ್ರ ಉಳಿದ ಮೂರು ಮನೆಗಳಿಂದ ಹೋಗಬೇಕು. ಅನ್ನವ್ವನ ಪಾಲಿಗೆ ಬಂದದ್ದು ಚಕ್ಕಲಿ, ಕೋಡಬಳೆ, ಶೇಂಗಾ ಉಂಡಿ. ವಾರ ಮೊದಲೇ ಮಾಡಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಗದ್ದಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದರೂ ಅವಳ ಚಕ್ಕಲಿ ಮುರಿಯುತ್ತಿರಲಿಲ್ಲ, ಮೆತ್ತಗಾಗುತ್ತಿರಲಿಲ್ಲ. ಹಬ್ಬ ಮುಗಿದು ಎಲ್ಲರೂ ಊರಿಗೆ ಹೊರಡುವಾಗ ಉಳಿದದ್ದನ್ನು ಕಟ್ಟಿಕೊಳ್ಳಲು ಹೆಂಗಸರಲ್ಲಿ ಪೈಪೋಟಿ ನಡೆಯುತ್ತಿತ್ತು. ನಲವತ್ತೈದು ವರ್ಷದಿಂದ ಆ ಹೆಸರು ಅವಳದು.

ಹೊಸದಾಗಿ ಬಂದಾಗ ಅವಳ ಅತ್ತೆ ಹಾಕಿಕೊಟ್ಟ ಕಟ್ಟಳೆ ಒಂದಿತ್ತು. ಕಡಾಯಿ ಒಲೆಯ ಮೇಲೆ ಏರಿದ ಕೂಡಲೇ ತಲೆಬಾಗಿಲು ಹಾಕಬೇಕು. ಹೊರಗಿನವರು ಒಳಗೆ ಬರಕೂಡದು, ಒಳಗಿನವರು ಕೂತಲ್ಲಿಂದ ಏಳಕೂಡದು, ಯಾರು ಕರೆದರೂ ಓಗೊಡಕೂಡದು. ನಡುವೆ ಎದ್ದರೆ ಕರಿದದ್ದೆಲ್ಲ ಎಣ್ಣೆ ಕುಡಿಯುತ್ತದೆ. ಎಣ್ಣೆ ಕುಡಿದದ್ದು ಕುಂದಗೋಳ ಮುಟ್ಟುವುದರೊಳಗೆ ಕಮಟು ವಾಸನೆ ಹೊಡೆಯುತ್ತದೆ. ಈ ಕಟ್ಟಳೆಯನ್ನು ಮಗಳು ಮಲ್ಲಮ್ಮ ಹುಟ್ಟಿದಾಗಿನಿಂದ ನೋಡಿ ಬೆಳೆದಿದ್ದಳು. ಸೊಸೆ ರೋಹಿಣಿ ಬಂದು ಕಲಿತಿದ್ದಳು.

ಆ ದಿನ ಎರಡು ಗಂಟೆಗೆ ಕಡಾಯಿ ಏರಿತು. ರೋಹಿಣಿ ಚಕ್ಕಲಿ ಒರಳಿನಲ್ಲಿ ಹಿಟ್ಟು ತುಂಬಿ ಒತ್ತಿ ಕೊಡುತ್ತಿದ್ದಳು, ಅನ್ನವ್ವ ಎಣ್ಣೆಗೆ ಬಿಡುತ್ತಿದ್ದಳು. ಈರಬಸಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಜಪಮಣಿ ಎಣಿಸುತ್ತಿದ್ದ. ಮೂರರ ಸುಮಾರಿಗೆ ಗೂಡಿನಲ್ಲಿ ಫೋನು ಹೊಡೆದುಕೊಂಡಿತು. ಆ ಹೊತ್ತಿನಲ್ಲಿ ಮಾಡುವವಳು ಮಲ್ಲಮ್ಮ ಒಬ್ಬಳೇ. ರೋಹಿಣಿ ಹಿಟ್ಟಿನ ಕೈಯಲ್ಲೇ ಅರ್ಧ ಎದ್ದಳು.

“ಕೂಡ್ರು,” ಎಂದಳು ಅನ್ನವ್ವ, ಎಣ್ಣೆಯಿಂದ ಕಣ್ಣು ತೆಗೆಯದೆ. “ಕಡಾಯಿ ಇಳೀಲಿ.”

ಸ್ವಲ್ಪ ಹೊತ್ತಿಗೆ ಮತ್ತೆ ಹೊಡೆದುಕೊಂಡಿತು. ರೋಹಿಣಿ ಮತ್ತೆ ಎದ್ದಳು. “ಅತ್ತಿ, ಬಿಡದ ಮಾಡಾಕತ್ತಾಳ್ರಿ ಮಲ್ಲವ್ವ.”

“ಚಕ್ಕಲಿ ಆದೂ ಇಲ್ಲೋ ಅಂತ ಕೇಳಾಕ ಇರತೈತಿ. ಪ್ರತಿ ವರ್ಷಾ ಕೇಳ್ತಾಳಲ್ಲ. ನೀ ಎದ್ದೆಂದ್ರ ಇಷ್ಟೂ ಎಣ್ಣಿ ಕುಡೀತಾವ. ಕೂಡ್ರವಾ ಸುಮ್ಮನ.”

ಮೂರನೆಯ ಸಲ ಹೊಡೆದುಕೊಂಡಾಗ ಯಾರೂ ಏಳಲಿಲ್ಲ. ಐದಕ್ಕೆ ಕಡಾಯಿ ಇಳಿಯಿತು. ರೋಹಿಣಿ ಕೈ ತೊಳೆದು ತಿರುಗಿ ಫೋನು ಮಾಡಿದಳು. ಆ ಕಡೆ ಯಾರೂ ಎತ್ತಲಿಲ್ಲ.

ಮರುದಿನ ದೇವಿಕೊಪ್ಪದಲ್ಲಿ ಸಿದ್ಧಲಿಂಗನ ಹೊಲದ ಮೂಲೆಯಲ್ಲಿ ಮಲ್ಲಮ್ಮನನ್ನು ಮಣ್ಣು ಮಾಡಿದರು. ಅನ್ನವ್ವನ ಮಗ, ರೋಹಿಣಿಯ ಗಂಡ ಈರೇಶ ತಂಗಿಯ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದ. ಅವನು ಮಿಶ್ರಿಕೋಟಿಗೂ ಹುಬ್ಬಳ್ಳಿಗೂ ಟಂಟಂ ಓಡಿಸುವವನು. ಅವನ ಫೋನು ಎರಡು ದಿನದಿಂದ ರಿಪೇರಿಗೆ ಹೋಗಿತ್ತು. ಹಿಂದಿನ ದಿನ ಮೂರು ಗಂಟೆಗೆ ಗಾಡಿ ಹಚ್ಚಿಕೊಂಡು ಮಿಶ್ರಿಕೋಟಿಯ ಬಸ್ ನಿಲ್ದಾಣದಲ್ಲೇ, ಮನೆಯಿಂದ ಒಂದು ಕೂಗಿನ ದೂರದಲ್ಲಿ, ಸೀಟು ತುಂಬಲೆಂದು ಕಾಯುತ್ತ ಕೂತಿದ್ದ. ತಂಗಿ ಮೂರು ಸಲ ರೋಹಿಣಿಯ ನಂಬರಿಗೆ ಮಾಡಿದ್ದು ಫೋನಿನಲ್ಲಿ ಕಾಣುತ್ತಿತ್ತು.

“ಯಾಕ ಎತ್ತಲಿಲ್ಲ?” ಎಂದು ನೆಂಟರೆಲ್ಲರ ಎದುರಿಗೇ ಕೇಳಿದ.

ರೋಹಿಣಿ ಅತ್ತೆಯ ಮುಖ ನೋಡಿದಳು. ಹಿರಿಯರು ಹೇಳಬೇಕಾದ ಮಾತನ್ನು ತಾನು ಹೇಳಬಾರದೆಂದು ಸುಮ್ಮನೆ ನಿಂತಳು. ಎಲ್ಲರ ಕಣ್ಣು ತನ್ನ ಕಡೆ ಹೊರಳಿದ್ದನ್ನು ಅನ್ನವ್ವ ಕಂಡಳು.

“ಫೋನು ರೋಹಿಣಿದಪಾ. ಆಕೀನ್ನ ಕೇಳು,” ಎಂದಳು.

ಅದು ಸುಳ್ಳೆಂದು ಹೇಳುವಂಥ ಮಾತಲ್ಲ. ಫೋನು ರೋಹಿಣಿಯದೇ. ಆದರೆ ಆಡಿದ ಮಾತು ಆಡಿದಲ್ಲಿಗೇ ನಿಲ್ಲಲಿಲ್ಲ. ಸಂತೈಸಲು ಬಂದ ಹೆಂಗಸರು ಒಬ್ಬೊಬ್ಬರಾಗಿ ಅದನ್ನೇ ಕೆದಕಿದರು. ಅನ್ನವ್ವ ಒಬ್ಬಳಿಗೆ, ಸೊಸೆಯ ಕೈಯೆಲ್ಲ ಹಿಟ್ಟಾಗಿತ್ತು ಎಂದಳು. ಇನ್ನೊಬ್ಬಳಿಗೆ, ಆಕೆ ಕಿವಿಗೇ ಹಾಕಿಕೊಳ್ಳಲಿಲ್ಲ ಎಂದಳು. ಮೂರನೆಯ ದಿನ ಹೇಳುವಾಗ ಅವಳಿಗೇ ಅದು ನಡೆದ ಸಂಗತಿಯಂತೆ ಕೇಳಿಸಿತು.

ಊರಿಗೆ ಬಂದ ಮೇಲೆ ಒಂದು ಮುಂಜಾನೆ ರೋಹಿಣಿ ಗಂಡನಿಗೆ ಊಟಕ್ಕೆ ಬಡಿಸುತ್ತ ಇದ್ದದ್ದು ಇದ್ದ ಹಾಗೆ ಹೇಳಿದಳು. ಈರೇಶ ಮುರಿದ ರೊಟ್ಟಿಯನ್ನು ಗಂಗಾಳದಲ್ಲೇ ಇಟ್ಟು ಒಲೆಯ ಕಡೆ ತಿರುಗಿದ.

“ಹೌದೇನ್ ಬೇ ಯವ್ವಾ? ನೀನ ಕೂಡ್ರಿಸಿದೇನು?”

ಅನ್ನವ್ವ ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು, ಮತ್ತೆ ಮುಂದಕ್ಕೆ ನೂಕಿದಳು. “ನಾ ಯಾಕ ಕೂಡ್ರಸ್ಲೆಪಾ? ಹೆತ್ತಾಕಿ ನಾನು,” ಎಂದಳು.

ಈರೇಶ ಊಟ ಬಿಟ್ಟು ಎದ್ದು ಹೋದ. ಆ ದಿನದಿಂದ ಅವನು ಹೆಂಡತಿ ಬಡಿದ ರೊಟ್ಟಿ ಮುಟ್ಟಲಿಲ್ಲ. ಅನ್ನವ್ವನಿಗೆ ಅರವತ್ತಾರು ವರ್ಷ, ಮೊಣಕಾಲು ಮಡಚಲು ಬರುವುದಿಲ್ಲ. ಆದರೂ ಬೆಳಗಿನಲ್ಲಿ ಮಣೆಯ ಮೇಲೆ ಒಂದು ಕಾಲು ಚಾಚಿ ಕೂತು ಮಗನಿಗೆಂದು ಆರು ರೊಟ್ಟಿ ಬಡಿಯುತ್ತಿದ್ದಳು. ಅವಳು ಎದ್ದ ಮೇಲೆ ಅದೇ ಒಲೆಯ ಮುಂದೆ ರೋಹಿಣಿ ಕೂಡುತ್ತಿದ್ದಳು. ಎಮ್ಮೆಯ ಹಾಲು ಕರೆಯುವುದು, ಸೆಗಣಿ ಬಳಿಯುವುದು, ನಳದ ನೀರು ಹಿಡಿಯುವುದು, ಸೋಯಾಬೀನ್ ಹಸನು ಮಾಡುವ ಆಳುಗಳಿಗೆ ಬುತ್ತಿ ಕಟ್ಟುವುದು ಎಲ್ಲ ರೋಹಿಣಿಯ ಪಾಲಿಗೆ ಇದ್ದೇ ಇತ್ತು. ಊಟ ಮಾತ್ರ ಎರಡಾಯಿತು. ಕುಂದಗೋಳದ ಹಬ್ಬ ಆ ವರ್ಷ ನಡೆಯಲಿಲ್ಲ. ಮೂರು ಡಬ್ಬಿಗಳೂ ನಾಗಂದಿಗೆಯ ಮೇಲೆ ಹಾಗೆಯೇ ಕೂತವು. ಅವುಗಳ ಕಡೆ ಯಾರೂ ಕತ್ತೆತ್ತಿ ನೋಡುತ್ತಿರಲಿಲ್ಲ.

ಎರಡು ಮೂರು ದಿನ ನೋಡಿ ಈರಬಸಪ್ಪ ತನ್ನ ಗಂಗಾಳವನ್ನು ಸೊಸೆಯ ರೊಟ್ಟಿಯ ಕಡೆಗೆ ಸರಿಸಿಕೊಂಡ. ಲಿಂಗಪೂಜೆ ಮುಗಿಸಿ ಬಂದು, ಅನ್ನವ್ವ ಬಡಿಸಲು ಎದ್ದರೂ, ರೋಹಿಣಿ ಒಲೆಯ ಮುಂದೆ ಕೂಡುವ ತನಕ ಕಾಯುತ್ತಿದ್ದ. ಅನ್ನವ್ವ ತಾಳಿಕೊಂಡಳು. ಕೊನೆಗೊಂದು ದಿನ ಕೇಳಿಯೇಬಿಟ್ಟಳು.

“ನನ್ನ ರೊಟ್ಟಿ ಕಹಿ ಆಗ್ಯಾವೇನ್ರಿ ನಿಮಗ?”

“ಆ ದಿನಾ ನಾನೂ ಪಡಸಾಲ್ಯಾಗ ಇದ್ದೆ,” ಎಂದ ಈರಬಸಪ್ಪ.

“ಇದ್ದರ ಹೇಳ್ರಿ ನಿಮ್ಮ ಮಗಗ. ಬಾಯಿ ಇಲ್ಲೇನು?”

“ಅದು ನಿನ್ನ ಬಾಯಿಂದ ಬರಬೇಕಾದ ಮಾತು. ನಾ ಯಾವ ಮಾರಿಲೆ ಹೇಳಲಿ? ಫೋನು ನನ್ನ ತಲಿಮ್ಯಾಲಿನ ಗೂಡಿನ್ಯಾಗ ಇತ್ತು. ನಾನೂ ಏಳಲಿಲ್ಲ.”

ಅನ್ನವ್ವ ಅಂದು ಉಣ್ಣಲಿಲ್ಲ. ಸಂಜೆ ಕಲ್ಮೇಶ್ವರನ ಗುಡಿಗೆ ಹೋಗಿ ಕಾರ್ತಿಕದ ದೀಪಕ್ಕೆ ಎಣ್ಣೆ ಹಾಕಿ ಬಂದಳು. ದೇವರ ಎದುರು ನಿಂತು ಮಗಳ ಹೆಸರು ಹೇಳಿದಳು, ಅತ್ತಳು. ಆದರೆ ಆ ಮೂರು ಕರೆಗಳ ಮಾತನ್ನು ಅಲ್ಲಿಯೂ ಎತ್ತಲಿಲ್ಲ. ಹೇಳಿದರೆ ಉಳಿದ ಒಬ್ಬ ಮಗನೂ ತನ್ನ ಕೈ ಬಿಟ್ಟು ಹೋಗುತ್ತಾನೆ ಎಂಬುದೊಂದೇ ಅವಳ ಹೆದರಿಕೆ.

ಮೂರನೆಯ ವಾರ ಅಣ್ಣಿಗೇರಿಯಿಂದ ರೋಹಿಣಿಯ ತಂದೆ ಸುಭಾಸ ಬಂದ. ಆಡುವವರ ಮಾತು ಅಲ್ಲಿಯ ತನಕ ಹೋಗಿ ಮುಟ್ಟಿತ್ತು. ರೋಹಿಣಿ ತಂದೆಗೆ ಚಹಾ ಕೊಟ್ಟು ಬಾಗಿಲ ಸಂದಿಗೆ ನಿಂತಳು. ಸುಭಾಸ ಮೊದಲು ಸಾವಿನ ಮಾತಾಡಿದ, ಮಳೆಯ ಮಾತಾಡಿದ, ತನ್ನೂರಿನ ಕಡಲೆ ಬಿತ್ತನೆಯ ಮಾತಾಡಿದ. ಆಮೇಲೆ ಮಗಳ ಮೇಲೆ ಬಂದ ಅಪವಾದದ ಮಾತಿಗೆ ಬಂದ. ಅದು ಬಾಯಿಗೆ ಬರುವುದನ್ನೇ ಈರೇಶ ಕಾಯುತ್ತಿದ್ದ.

“ನನ್ನ ತಂಗಿ ಮೂರ ಸರ್ತಿ ಕರದಾಳ್ರಿ ಮಾವಾರ. ಇವಳ ಕೈಗೆ ಹಿಟ್ಟ ಹತ್ತಿತ್ತಂತ. ಕೈ ತೊಳಕೊಳ್ಳಾಕ ಈ ಮನ್ಯಾಗ ಒಂದ ತಂಬಿಗಿ ನೀರ ಇರಲಿಲ್ಲೇನು? ಅರ್ಧಾ ತಾಸಿನ ಹಾದಿ. ಗಾಡಿ ಹಚ್ಕೊಂಡ ಹಾದ್ಯಾಗ ಕುಂತಿದ್ದೆ ನಾನು. ನನ್ನ ತಂಗೀನ್ನ ತಿಂದಾಕಿ ಈಕಿ.”

ಸುಭಾಸ ಅನ್ನವ್ವನ ಕಡೆ ತಿರುಗಿ ಕೈ ಮುಗಿದ. “ಅನ್ನವ್ವಾರ, ನಿಮ್ಮ ಹಣಿಮ್ಯಾಲ ವಿಭೂತಿ ಐತಿ. ನೀವ ಹೇಳ್ರಿ. ನನ್ನ ಮಗಳು ಸುಳ್ಳ ಹೇಳ್ತಾಳೇನು?”

ಬಾಗಿಲ ಸಂದಿಯಲ್ಲಿ ರೋಹಿಣಿ ತನ್ನ ಮುಖವನ್ನೇ ನೋಡುತ್ತ ನಿಂತದ್ದು ಅನ್ನವ್ವನಿಗೆ ಕಾಣುತ್ತಿತ್ತು. ಗೋಡೆಗೆ ಒರಗಿದ ಗಂಡನ ಬೆರಳಲ್ಲಿ ಜಪಮಣಿ ನಿಂತದ್ದೂ ಕಾಣುತ್ತಿತ್ತು.

“ನಿಮ್ಮ ಮಗಳು ನಿಮ್ಮ ಕಣ್ಣ ಮುಂದ ಅದಾಳ್ರಿ ಬೀಗರ,” ಎಂದಳು ಅನ್ನವ್ವ. “ನನ್ನ ಮಗಳು ಮಣ್ಣಾಗ ಅದಾಳ. ನನ್ನೇನ ಕೇಳ್ತೀರಿ?”

ಸುಭಾಸ ಚಹಾ ಮುಟ್ಟದೆ ಎದ್ದ. ಬಟ್ಟೆ ಕಟ್ಟಿಕೋ, ಹೋಗೂಣು ಎಂದು ಮಗಳಿಗೆ ಹೇಳಿದ. ರೋಹಿಣಿ ಬೇಡವೆಂದು ತಲೆಯಾಡಿಸಿದಳು.

“ತಿಂಗಳ ದಿನಾ ಮುಗೀಲಿ ಅಪ್ಪಾ. ಮಲ್ಲವ್ವಗ ಎಡಿ ಹಿಡದು ಬರ್ತೀನಿ. ಆಕಿ ನನಗ ನಾದಿನಿ ಅಲ್ಲ, ಗೆಳತಿ ಆಗಿದ್ಲು. ಆಮ್ಯಾಲ ಈ ಮನಿ ನೀರು ನನಗ ಸಾಕು.”

“ಎಡಿಗೆ ನಿನ್ನ ಕೈ ಹತ್ತೂದ ಬ್ಯಾಡ,” ಎಂದ ಈರೇಶ.

ತಿಂಗಳ ದಿನಕ್ಕೆ ನಾಲ್ಕೂ ಮನೆಯವರು ದೇವಿಕೊಪ್ಪದಲ್ಲಿಯೇ ಕೂಡಬೇಕು, ಕುಂದಗೋಳಕ್ಕೆ ತರುತ್ತಿದ್ದದ್ದನ್ನೇ ಅವರವರು ತರಬೇಕು ಎಂದು ಹೊಳಬಸಪ್ಪ ಹೇಳಿ ಕಳಿಸಿದ. ಹುಡುಗಿಗೆ ಇಷ್ಟವಾಗಿದ್ದನ್ನು ಎಡೆ ಹಿಡಿಯದೆ ಬಿಟ್ಟರೆ ಅದರ ಆಸೆ ಹಿಂಗುವುದಿಲ್ಲ ಎಂದ. ಅನ್ನವ್ವನಿಗೆ ಹೊಸದಾಗಿ ಕಡಾಯಿ ಇಡುವ ಧೈರ್ಯವಿರಲಿಲ್ಲ. ಸಾವಾದ ಮನೆಯವರು ವರ್ಷದ ತನಕ ಕರಿಯಬಾರದು ಎಂದು ನೆವ ಹೇಳಿ, ನಾಗಂದಿಗೆಯ ಮೇಲಿನ ಡಬ್ಬಿಗಳನ್ನು ಈರಬಸಪ್ಪನ ಕೈಯಿಂದ ಇಳಿಸಿದಳು. ಮುಚ್ಚಳ ತೆಗೆದು ನೋಡಲಿಲ್ಲ. ಹಳೆಯ ಧೋತರದಲ್ಲಿ ಸುತ್ತಿ ಗಂಟು ಹಾಕಿದಳು.

ಟಂಟಂನಲ್ಲಿ ಅವಳು ಮುಂದೆ ಮಗನ ಪಕ್ಕದಲ್ಲಿ, ತೊಡೆಯ ಮೇಲೆ ಡಬ್ಬಿಗಳನ್ನು ಇಟ್ಟುಕೊಂಡು ಕೂತಳು. ಹಿಂದೆ ಮಾವ, ಸೊಸೆ. ಕಲಘಟಗಿ ದಾಟಿದ ಮೇಲೆ ಹಾದಿ ಕೆಟ್ಟಿತ್ತು. ಗಾಡಿ ಕುಣಿದಾಗಲೆಲ್ಲ ಡಬ್ಬಿ ಮೊಣಕಾಲಿಗೆ ಬಡಿಯುತ್ತಿತ್ತು. ಹಿಂದಿನಿಂದ ರೋಹಿಣಿ, ಇತ್ತ ಕೊಡ್ರಿ ಅತ್ತಿ, ನಾ ಹಿಡಕೊಳ್ತೀನಿ ಎಂದಳು. ಅನ್ನವ್ವ ಕೇಳಿಸಿಕೊಂಡರೂ ಕೊಡಲಿಲ್ಲ. ಈರೇಶ ಗಾಡಿಯ ವೇಗ ಕಡಿಮೆ ಮಾಡಿದ. ದೇವಿಕೊಪ್ಪ ಮುಟ್ಟಲು ಮುಕ್ಕಾಲು ತಾಸೂ ಹಿಡಿಯಲಿಲ್ಲ. ಆ ಹಾದಿ ಅಷ್ಟೇ ಇತ್ತು.

ಹೊಲದ ಮೂಲೆಯಲ್ಲಿ ಅಯ್ಯನವರು ವಿಭೂತಿ ಧರಿಸಿ ಬಿಲ್ವಪತ್ರೆ ಏರಿಸಿದರು. ಹೋಳಿಗೆ, ಅನ್ನ, ಕರಚಿಕಾಯಿಗಳ ಜತೆಗೆ ಅನ್ನವ್ವ ಐದು ಚಕ್ಕಲಿ, ಐದು ಕೋಡಬಳೆ, ಐದು ಉಂಡಿ ಇಟ್ಟಳು. ರೋಹಿಣಿ ದೂರದಲ್ಲಿ ಬದುವಿನ ಮೇಲೆ ನಿಂತು ಕೈ ಮುಗಿದಳು. ಈರೇಶನ ಮಾತಿಗೆ ತಪ್ಪಲಿಲ್ಲ.

ಮನೆಗೆ ಬಂದ ಮೇಲೆ ಅಂಗಳದಲ್ಲಿ ಪಂಕ್ತಿ ಕೂತಿತು. ಸಿದ್ಧಲಿಂಗ ಕಂಬಕ್ಕೆ ಒರಗಿ ಎತ್ತಲೋ ನೋಡುತ್ತ ಕೂತಿದ್ದ. ಜಮೀಲಾಬಿ ಕಟ್ಟೆಯ ಮೇಲಿದ್ದಳು. ಅಣ್ಣಿಗೇರಿಯಿಂದ ಸುಭಾಸನೂ ಬಂದಿದ್ದ. ರೋಹಿಣಿ ನೀರು ಹಾಕುತ್ತಿದ್ದಳು. ಹೊಳಬಸಪ್ಪನ ಹೆಂಡತಿ ತಾಯವ್ವ, ಅನ್ನವ್ವನ ಹಿರಿಯ ನೆಗೆಣ್ಣಿ, ಎಲೆಯ ಮೇಲಿನ ಚಕ್ಕಲಿಯನ್ನು ಎತ್ತಿ ಮುರಿದಳು. ಅದು ಕಟಕ್ಕೆಂದು ಮುರಿಯಿತು. ತಾಯವ್ವ ಬೆರಳ ತುದಿಯನ್ನು ಒಂದಕ್ಕೊಂದು ತಿಕ್ಕಿ ನೋಡಿದಳು.

“ತಿಂಗಳಾದ್ರೂ ನಿನ್ನೆ ಕರದಂಗ ಅದಾವಲ್ಲ ತಂಗೀ,” ಎಂದಳು. “ಒಂದ ಹನಿ ಎಣ್ಣಿ ಕುಡಿದಿಲ್ಲ. ಕೈ ಅಂದ್ರ ನಿಂದು.”

ಅನ್ನವ್ವ ತನ್ನ ಎಲೆಯ ಮೇಲಿನ ಚಕ್ಕಲಿಯನ್ನು ಪಕ್ಕಕ್ಕೆ ಸರಿಸಿದಳು. ನೀರಿನ ತಂಬಿಗೆ ಹಿಡಿದ ರೋಹಿಣಿ ನಡುವೆಯೇ ನಿಂತಳು.

ಮಿಶ್ರಿಕೋಟಿಯ ಮನೆಯಲ್ಲಿ ನಡೆದದ್ದು ಜಮೀಲಾಬಿಗೆ ಗೊತ್ತಿರಲಿಲ್ಲ. ಅವಳು ಕಟ್ಟೆಯ ಮೇಲಿಂದ, ಸತ್ತವಳನ್ನು ನೆನೆಯುವ ದನಿಯಲ್ಲಿ ಹೇಳಿದಳು:

“ಆ ದಿನಾನೂ ಮಲ್ಲಕ್ಕ ಇದ ಮಾತ ಆಡಿದ್ಲ್ರಿ. ಮೂರ ಸರ್ತಿ ಫೋನ್ ಹಚ್ಚಿದ್ಲು. ಇನ್ನೊಮ್ಮೆ ಹಚ್ಚವಾ ಅಂದೆ ನಾನು. ‘ಬ್ಯಾಡ ಜಮೀಲಕ್ಕ, ಅವ್ವ ಕಡಾಯಿ ಇಟ್ಟಿರಬೇಕು, ಯಾರನ್ನೂ ಏಳಗೊಡೂದಿಲ್ಲ. ಇಳಿದ ಕೂಡ್ಲೆ ವೈನಿ ಮಾಡ್ತಾಳ, ಅಣ್ಣ ಗಾಡಿ ತರ್ತಾನ’ ಅಂದ್ಲು. ಅಂದು ಗೋಡಿಗೆ ಒರಗಿ ಕುಂತ್ಲು. ವಾಯು ಹಿಡದಿರಬೇಕಂತ ಅಜವಾನದ ನೀರ ಕುಡಿಸಿದೆ. ಐದರ ತನಕಾ ಇಬ್ಬರೂ ಕಾದ್ವಿ. ನಂದೂ ತಪ್ಪ ಐತ್ರಿ. ಮೊದಲ ಆಟೋ ನೋಡಬೇಕಿತ್ತು.”

ಈರೇಶ ತಲೆಯೆತ್ತಿ ತಾಯಿಯನ್ನು ನೋಡಿದ. ಬೆಳೆದ ಮಗ ಹಾಗೆ ನೋಡಿದ್ದನ್ನು ಅನ್ನವ್ವ ಹಿಂದೆಂದೂ ಕಂಡಿರಲಿಲ್ಲ.

“ನಾನ ಕೂಡ್ರಿಸಿದೆ,” ಎಂದಳು ಅನ್ನವ್ವ. “ರೋಹಿಣಿ ಎರಡ ಸರ್ತಿ ಎದ್ಲು. ಎರಡೂ ಸರ್ತಿ ನಾನ ಕೂಡ್ರಿಸಿದೆ. ಆಮ್ಯಾಲ ಸುಳ್ಳ ಹೇಳಿದೆ.”

ಈರೇಶ ಎಲೆ ಬಿಟ್ಟು ಎದ್ದು ಹೆಂಡತಿಯ ಹತ್ತಿರ ಹೋದ. ಮೊದಲೇ ಗಟ್ಟಿಯಾಗಿ ಹೇಳಬಾರದಿತ್ತೇ ಎಂದ.

“ಹೇಳಿದ್ನಲ್ಲ,” ಎಂದಳು ರೋಹಿಣಿ. “ನೀವು ಊಟಾ ಬಿಟ್ಟು ಎದ್ದು ಹೋದ್ರಿ. ಈಗೂ ಹಂಗ ಎದ್ದೀರಿ. ಹೋಗ್ರಿ, ಉಣ್ರಿ.”

ಅನ್ನವ್ವ ಎಂಜಲು ಕೈಯಲ್ಲೇ ಎದ್ದು ಬಂದು ಸೊಸೆಯ ಕೈ ಹಿಡಿದಳು. ತಪ್ಪಾತವಾ, ಮನಿಗೆ ನಡಿ ಎಂದಳು. ರೋಹಿಣಿ ಕೈ ಕೊಸರಿಕೊಳ್ಳಲಿಲ್ಲ, ಒತ್ತಲೂ ಇಲ್ಲ.

“ನೀವು ಖರೇ ಹೇಳಿದ್ದು ನನ್ನ ಸಲುವಾಗಿ ಅಲ್ರಿ ಅತ್ತಿ. ಜಮೀಲಾಬಿ ಹೇಳಿದ ಮ್ಯಾಲ ಹೇಳಿದ್ರಿ. ನಮ್ಮಪ್ಪ ಕೈ ಮುಗದು ಕೇಳಿದಾಗ ಹೇಳಿದ್ದರ ನಾ ನಿಮ್ಮ ಕಾಲಾಗ ಬಿದ್ದು ಇರ್ತಿದ್ದೆ.”

ಅವಳು ನೀರು ಹಾಕುವುದನ್ನು ಮುಗಿಸಿದಳು. ಎಲೆ ತೆಗೆದಳು, ನೆಲ ಸಾರಿಸಿದಳು, ಪಾತ್ರೆಗಳನ್ನು ತಿಕ್ಕಿ ಬೋರಲು ಹಾಕಿದಳು. ಆಮೇಲೆ ಒಬ್ಬಳೇ ಹೊಲಕ್ಕೆ ಹೋಗಿ, ಎಡೆಯಲ್ಲಿದ್ದ ಒಂದು ಚಕ್ಕಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ತಂದೆಯ ಹಿಂದೆ ಬಸ್ಸಿನ ಹಾದಿ ಹಿಡಿದಳು. ಈರೇಶ ಟಂಟಂ ಚಾಲೂ ಮಾಡಿಕೊಂಡು ನಿಲ್ದಾಣದ ತನಕ ಅವರ ಬಾಜು ಸಾವಕಾಶ ನಡೆಸಿದ, ಹತ್ತು, ಹತ್ತು ಎಂದು ಎರಡು ಸಲ ಕರೆದ. ಅವಳು ಹತ್ತಲಿಲ್ಲ. ಬಸ್ಸು ಬಂತು, ತಂದೆ ಮಗಳನ್ನು ಹತ್ತಿಸಿಕೊಂಡು ಹೋಯಿತು.

ಹೊತ್ತು ಇಳಿಯುತ್ತಿರುವಾಗ ಅನ್ನವ್ವ ಗಂಡನ ಹೆಗಲು ಹಿಡಿದುಕೊಂಡು ಮತ್ತೆ ಆ ಮೂಲೆಗೆ ಹೋದಳು. ಎಡೆಯ ಅನ್ನವನ್ನು ಕಾಗೆಗಳು ತಿಂದಿದ್ದವು. ಚಕ್ಕಲಿಗಳು ನಾಲ್ಕೂ ಉಳಿದಿದ್ದವು. ಇಬ್ಬನಿ ಬೀಳತೊಡಗಿದ್ದರೂ ಇನ್ನೂ ಮೆತ್ತಗಾಗಿರಲಿಲ್ಲ. ಈರಬಸಪ್ಪ ದೀಪ ಹಚ್ಚಿ ಮಣ್ಣಿನ ಮೇಲಿಟ್ಟು ದೂರ ಸರಿದು ನಿಂತ. ಅನ್ನವ್ವ ಮಡಚಲು ಬಾರದ ಮೊಣಕಾಲನ್ನು ನೆಲಕ್ಕೆ ಊರಿ ಎರಡೂ ಕೈ ಜೋಡಿಸಿದಳು.

“ಶಿವನೇ, ನನ್ನ ಮಗಳಿಗೆ ಶಾಂತಿ ಕೊಡು. ನನ್ನ ಸಲುವಾಗಿ ಏನೂ ಬೇಡೂದಿಲ್ಲ, ಬೇಡೂ ಬಾಯಿನೂ ನನ್ನದಲ್ಲ. ಆಕಿ ಹಟಾ ಮಾಡಿ ಕರಿಯೂ ಕೂಸಲ್ಲಪ್ಪಾ. ಮೂರ ಸರ್ತಿ ಕರದು, ಹಿರಿಯಾರು ಕೆಲಸದಾಗ ಇರಬೇಕಂತ ತಿಳಕೊಂಡು, ಗೋಡಿಗೆ ಒರಗಿ ಕಾಯ್ಕೊಂತ ಕೂಡ್ತಾಳ. ಆಕಿ ನಿನ್ನ ಕರದರ ಮೊದಲನೇ ಸರ್ತಿಗೇ ಎದ್ದು ಹೋಗು. ಕೈಯಾಗ ಏನ ಕೆಲಸಾ ಇದ್ದರೂ ಬಿಟ್ಟು ಎದ್ದು ಹೋಗು.”